ವಾಣಿಜ್ಯ ಅಡುಗೆಮನೆ ಸಲಕರಣೆಗಳನ್ನು ಮನೆಯಲ್ಲಿ ದಾಸ್ತಾನಿಗೆ ಬಳಸುವುದು: ಗೃಹಸ್ಥರಿಗೆ ಹಾಗೂ ಗೃಹಾಧಾರಿತ ಆಹಾರ ಉದ್ಯಮದ ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಹೋಟೆಲು, ಕಲ್ಯಾಣ ಮಂಟಪ, ವಿದ್ಯಾರ್ಥಿ ನಿಲಯ ಮತ್ತು ಕ್ಯಾಂಟೀನುಗಳ ಅಡುಗೆಮನೆಗಾಗಿ ತಯಾರಾಗುವ ಸ್ಟೀಲ್ ರ‍್ಯಾಕು, ಡೀಪ್ ಫ್ರೀಜರ್, ದೊಡ್ಡ ಡಬರಿ ಹಾಗೂ ಮುಚ್ಚಳವಿರುವ ಧಾನ್ಯದ ಡ್ರಮ್ಮುಗಳು ಈಗ ವಾಸದ ಮನೆಗಳಲ್ಲಿಯೂ ಬಳಕೆಗೆ ಬಂದಿವೆ. ಹಿಂದೆ ಕಣಜ, ವಾಡೆ, ಗುಡಾಣಗಳು ಹಾಗೂ ಉತ್ತರ ಕರ್ನಾಟಕದಲ್ಲಿ ಜೋಳ ತುಂಬುತ್ತಿದ್ದ ನೆಲದೊಳಗಿನ ಹಗೇವುಗಳು ವರ್ಷದ ದಾಸ್ತಾನನ್ನು ಕಾಪಾಡುತ್ತಿದ್ದವು. ಇಂದು ಅವಿಭಕ್ತ ಕುಟುಂಬಗಳು ತಿಂಗಳ ದಿನಸಿಗಾಗಿಯೂ, ರೊಟ್ಟಿ, ಹೋಳಿಗೆ, ಹಪ್ಪಳ, ಉಪ್ಪಿನಕಾಯಿ, ಇಡ್ಲಿ ಹಿಟ್ಟು ಮುಂತಾದವುಗಳನ್ನು ಮನೆಯಲ್ಲಿಯೇ ತಯಾರಿಸಿ ಮಾರುವವರು ತಮ್ಮ ಉದ್ಯಮಕ್ಕಾಗಿಯೂ ಈ ಸಲಕರಣೆಗಳನ್ನು ಕೊಳ್ಳುತ್ತಿದ್ದಾರೆ.

ಸಲಕರಣೆ ದೊಡ್ಡದಾದ ಮಾತ್ರಕ್ಕೆ ದಾಸ್ತಾನು ಸುರಕ್ಷಿತವಾಗುವುದಿಲ್ಲ. ಸಣ್ಣ ಪಾತ್ರೆಯಲ್ಲಿ ಆದ ತಪ್ಪು ಒಂದು ಮನೆಯ ಊಟವನ್ನು ಕೆಡಿಸಿದರೆ, ದೊಡ್ಡ ಪಾತ್ರೆಯಲ್ಲಿ ಆದ ಅದೇ ತಪ್ಪು ನೂರು ಮನೆಗಳಿಗೆ ತಲುಪಬಹುದು. ಮನೆಯ ವಿದ್ಯುತ್ ಜಾಲ, ಅಡುಗೆ ಅನಿಲ ಮತ್ತು ಮಾಸಿಕ ವೆಚ್ಚಗಳ ಮೇಲೂ ಇವುಗಳ ಪರಿಣಾಮವಿರುತ್ತದೆ. ಆದ್ದರಿಂದ ಸಲಕರಣೆ ಕೊಳ್ಳುವ ಮೊದಲು ಹಾಗೂ ನೋಂದಣಿಗೆ ಅರ್ಜಿ ಸಲ್ಲಿಸುವ ಮೊದಲು ತಿಳಿದಿರಬೇಕಾದ ಅಂಶಗಳನ್ನು ಈ ಕೆಳಗೆ ನೀಡಲಾಗಿದೆ.

2. ಸ್ವಂತ ಬಳಕೆ ಮತ್ತು ಮಾರಾಟ: ವ್ಯತ್ಯಾಸ

ಕುಟುಂಬದ ಸ್ವಂತ ಬಳಕೆಗಾಗಿ ಆಹಾರ ಪದಾರ್ಥಗಳನ್ನು ದಾಸ್ತಾನು ಮಾಡಲು ಯಾವುದೇ ಆಹಾರ ನೋಂದಣಿ ಅಗತ್ಯವಿಲ್ಲ. ಬಳಸುವ ಸಲಕರಣೆ ವಾಣಿಜ್ಯ ಮಾದರಿಯದ್ದಾದರೂ ಈ ಸ್ಥಿತಿ ಬದಲಾಗುವುದಿಲ್ಲ. ಆದರೆ ಅದೇ ಪದಾರ್ಥವನ್ನು ಮಾರಾಟಕ್ಕಾಗಿ ತಯಾರಿಸಿದರೆ ಅಥವಾ ಸಂಗ್ರಹಿಸಿದರೆ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006 ಅನ್ವಯವಾಗುತ್ತದೆ. ವ್ಯವಹಾರ ನಡೆಯುವ ಸ್ಥಳ ವಾಸದ ಮನೆಯೇ ಆಗಿದ್ದರೂ, ಮಾರಾಟ ನೆರೆಹೊರೆಗೆ ಸೀಮಿತವಾಗಿದ್ದರೂ ವಿನಾಯಿತಿ ಇರುವುದಿಲ್ಲ.

ಸದರಿ ಕಾಯ್ದೆಯಡಿ ರೂಪಿಸಲಾದ ಪರವಾನಗಿ ಮತ್ತು ನೋಂದಣಿ ನಿಯಮಾವಳಿಗಳು 2011ರ ಆಗಸ್ಟ್ 5ರಿಂದ ಜಾರಿಗೆ ಬಂದವು. ಸಣ್ಣ ಪ್ರಮಾಣದ ಆಹಾರ ಉದ್ದಿಮೆದಾರರಿಗೆ ನೋಂದಣಿಯನ್ನೂ, ಅದಕ್ಕಿಂತ ದೊಡ್ಡ ಉದ್ದಿಮೆಗಳಿಗೆ ಪರವಾನಗಿಯನ್ನೂ ಈ ನಿಯಮಾವಳಿಗಳು ಗೊತ್ತುಪಡಿಸಿವೆ. 2011ರಲ್ಲಿ ನೋಂದಣಿಯ ವಹಿವಾಟು ಮಿತಿ ವಾರ್ಷಿಕ 12 ಲಕ್ಷ ರೂಪಾಯಿಗಳೆಂದು ನಿಗದಿಯಾಗಿತ್ತು. ಅರ್ಜಿ ಸಲ್ಲಿಸುವ ದಿನದಂದು ಜಾರಿಯಲ್ಲಿರುವ ಮಿತಿಯೇ ಅರ್ಜಿದಾರರಿಗೆ ಅನ್ವಯಿಸುತ್ತದೆ.

3. ಸಾಮಾನ್ಯವಾಗಿ ಬಳಸಲಾಗುವ ಸಲಕರಣೆಗಳು

(ಅ) ಸ್ಟೀಲ್ ರ‍್ಯಾಕು: ನಾಲ್ಕು ಅಥವಾ ಐದು ಅಂತಸ್ತುಗಳ ತೆರೆದ ರ‍್ಯಾಕುಗಳಲ್ಲಿ ಗಾಳಿ ಆಡುವುದರಿಂದ ತೇವ ನಿಲ್ಲುವುದಿಲ್ಲ ಹಾಗೂ ಜಿರಲೆ, ಇಲಿಗಳಿಗೆ ಅಡಗುವ ಸ್ಥಳ ಸಿಗುವುದಿಲ್ಲ. ಮರದ ಕಪಾಟಿಗಿಂತ ಇವು ಮೇಲಾಗಿರಲು ಇದೇ ಮುಖ್ಯ ಕಾರಣ.

(ಆ) ಜಿ.ಎನ್. ಪ್ಯಾನು: ಹೋಟೆಲುಗಳ ಬುಫೆ ಮೇಜಿನ ಮೇಲೆ ಕಾಣುವ ಆಯತಾಕಾರದ ಸ್ಟೀಲ್ ತಟ್ಟೆಗಳಿವು. ಗ್ಯಾಸ್ಟ್ರೋನಾರ್ಮ್ ಎಂಬ ಈ ಅಳತೆಯ ಕ್ರಮ 1964ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಆರಂಭವಾಯಿತು. ಪೂರ್ಣ ಪ್ಯಾನಿನ ಅಳತೆ 530 × 325 ಮಿ.ಮೀ. ಅರ್ಧ ಪ್ಯಾನು 325 × 265 ಮಿ.ಮೀ., ಮೂರನೆಯ ಒಂದು ಭಾಗದ ಪ್ಯಾನು 325 × 176 ಮಿ.ಮೀ. ಇರುತ್ತದೆ. 65, 100, 150 ಮತ್ತು 200 ಮಿ.ಮೀ. ಆಳಗಳಲ್ಲಿ ಇವು ದೊರೆಯುತ್ತವೆ. ಯಾವ ತಯಾರಕರದ್ದಾದರೂ ಅಳತೆ ಒಂದೇ ಆಗಿರುವುದರಿಂದ ಮುಚ್ಚಳ, ಪ್ಯಾನು ಮತ್ತು ರ‍್ಯಾಕುಗಳು ಪರಸ್ಪರ ಹೊಂದಿಕೊಳ್ಳುತ್ತವೆ.

(ಇ) ಧಾನ್ಯದ ಡ್ರಮ್ಮು ಮತ್ತು ಡಬ್ಬಗಳು: ಅಕ್ಕಿ, ರಾಗಿ, ಗೋಧಿ, ಬೇಳೆ, ಸಕ್ಕರೆಗಳಿಗಾಗಿ ಬಿಗಿಯಾದ ಮುಚ್ಚಳವುಳ್ಳವು.

(ಈ) ಡೀಪ್ ಫ್ರೀಜರ್ ಮತ್ತು ತಂಪು ಪಾನೀಯದ ಗಾಜಿನ ಬಾಗಿಲಿನ ಕೂಲರ್.

(ಉ) ಹಾಟ್ ಬಾಕ್ಸ್: ಅಡುಗೆಯವರು ಊಟ ಸಾಗಿಸಲು ಬಳಸುವ ಶಾಖ ನಿರೋಧಕ ಪೆಟ್ಟಿಗೆ.

4. ಲೋಹ ಮತ್ತು ಪ್ಲಾಸ್ಟಿಕ್‌ನ ಗುಣಮಟ್ಟ

ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಹಲವು ದರ್ಜೆಗಳಿವೆ. 304 ದರ್ಜೆಯಲ್ಲಿ ಸುಮಾರು ಶೇಕಡ 18ರಷ್ಟು ಕ್ರೋಮಿಯಂ ಮತ್ತು ಶೇಕಡ 8ರಷ್ಟು ನಿಕಲ್ ಇರುತ್ತದೆ. 202 ದರ್ಜೆಯಲ್ಲಿ ನಿಕಲ್ ಪ್ರಮಾಣ ಕಡಿಮೆಯಿದ್ದು ಅದರ ಬದಲಿಗೆ ಮ್ಯಾಂಗನೀಸ್ ಹೆಚ್ಚಾಗಿರುತ್ತದೆ. ಇದು ಅಗ್ಗವಾದರೂ ತುಕ್ಕು ತಡೆಯುವ ಶಕ್ತಿ ಕಡಿಮೆ. 430 ದರ್ಜೆಯಲ್ಲಿ ಕ್ರೋಮಿಯಂ ಇದ್ದು ನಿಕಲ್ ಇಲ್ಲವೆನ್ನುವಷ್ಟು ಕಡಿಮೆ. ಅಂಗಡಿಯಲ್ಲಿ ಅಯಸ್ಕಾಂತ ಹಿಡಿದು ಪರೀಕ್ಷಿಸುವ ರೂಢಿಯಿದೆ. ಅಯಸ್ಕಾಂತ 430 ದರ್ಜೆಗೆ ಅಂಟುತ್ತದೆ. 304 ಮತ್ತು 202 ದರ್ಜೆಗಳೆರಡಕ್ಕೂ ಅದು ಸಾಮಾನ್ಯವಾಗಿ ಅಂಟುವುದಿಲ್ಲ. ಆದ್ದರಿಂದ ಅಯಸ್ಕಾಂತ ಅಂಟಲಿಲ್ಲವೆಂಬ ಮಾತ್ರಕ್ಕೆ ಪಾತ್ರೆ 304 ದರ್ಜೆಯದೆಂದು ಭಾವಿಸಬಾರದು. ಬಿಲ್ಲಿನಲ್ಲಿ ದರ್ಜೆಯನ್ನು ನಮೂದಿಸುವಂತೆ ಕೇಳುವುದೇ ಸರಿಯಾದ ಕ್ರಮ.

ಉತ್ತಮ ದರ್ಜೆಯ ಸ್ಟೀಲ್ ಸಹ ಉಪ್ಪಿನ ಅಂಶ ದೀರ್ಘಕಾಲ ತಗುಲಿದರೆ ಸಣ್ಣ ಗುಳಿಗಳಾಗಿ ಕೊರೆಯಲ್ಪಡುತ್ತದೆ. ಆದ್ದರಿಂದ ಉಪ್ಪಿನಕಾಯಿ, ಉಪ್ಪು ನೀರಿನಲ್ಲಿಟ್ಟ ಮಾವಿನ ಮಿಡಿ, ಹುಣಸೆ ಗೊಜ್ಜು ಇವುಗಳನ್ನು ತಿಂಗಳುಗಟ್ಟಲೆ ಸ್ಟೀಲ್ ಡಬ್ಬದಲ್ಲಿ ಇಡಬಾರದು. ಇವುಗಳಿಗೆ ಪಿಂಗಾಣಿ ಭರಣಿ ಅಥವಾ ಗಾಜಿನ ಜಾಡಿಯೇ ಸೂಕ್ತ. ಕಲಾಯಿ ಇಲ್ಲದ ಅಥವಾ ಕಲಾಯಿ ಸವೆದ ತಾಮ್ರ, ಹಿತ್ತಾಳೆ ಪಾತ್ರೆಗಳಲ್ಲಿ ಹುಳಿ ಪದಾರ್ಥ ಇಡುವುದು ಅಪಾಯಕರ. ಸತು ಲೇಪಿತ ತಗಡಿನ ರ‍್ಯಾಕುಗಳ ಮೇಲೆ ಮುಚ್ಚಿದ ಡಬ್ಬಗಳನ್ನು ಇಡಬಹುದು. ಆಹಾರ ನೇರವಾಗಿ ಅವುಗಳಿಗೆ ತಾಗಬಾರದು.

ಪ್ಲಾಸ್ಟಿಕ್ ಡ್ರಮ್ಮು ಕೊಳ್ಳುವಾಗ ಆಹಾರಕ್ಕೆ ಯೋಗ್ಯವೆಂಬ ಗುರುತನ್ನು ನೋಡತಕ್ಕದ್ದು. ತಳದಲ್ಲಿ ತ್ರಿಕೋನದೊಳಗೆ ಇರುವ ಅಂಕಿ 2 ಎಂದರೆ ಎಚ್.ಡಿ.ಪಿ.ಇ., 5 ಎಂದರೆ ಪಾಲಿಪ್ರೊಪಿಲೀನ್. ಈ ಅಂಕಿ ಪ್ಲಾಸ್ಟಿಕ್‌ನ ಜಾತಿಯನ್ನು ಮಾತ್ರ ಹೇಳುತ್ತದೆ, ಹಿಂದೆ ಅದರಲ್ಲಿ ಏನನ್ನು ತುಂಬಿದ್ದರೆಂಬುದನ್ನು ಹೇಳುವುದಿಲ್ಲ. ರಾಸಾಯನಿಕ, ಬಣ್ಣ ಅಥವಾ ಕೀಟನಾಶಕ ತುಂಬಿದ್ದ ಡ್ರಮ್ಮನ್ನು ಎಷ್ಟು ತೊಳೆದರೂ ಧಾನ್ಯ ಅಥವಾ ನೀರಿಗೆ ಬಳಸಬಾರದು. ಮಾರಾಟದ ಎಣ್ಣೆ, ಕೊಬ್ಬುಗಳನ್ನು ತುಂಬಲು ಒಮ್ಮೆ ಬಳಸಿದ ತಗಡಿನ ಡಬ್ಬವನ್ನು ಮತ್ತೊಮ್ಮೆ ಬಳಸುವಂತಿಲ್ಲ.

5. ಒಣ ಪದಾರ್ಥಗಳ ದಾಸ್ತಾನು

1) ರ‍್ಯಾಕಿನ ಕೆಳ ಅಂತಸ್ತು ನೆಲದಿಂದ ಕನಿಷ್ಠ 6 ಅಂಗುಲ, ಅಂದರೆ 15 ಸೆಂ.ಮೀ. ಎತ್ತರದಲ್ಲಿರಬೇಕು. ಗೋಡೆಗೂ ರ‍್ಯಾಕಿಗೂ ನಡುವೆ ಪೊರಕೆ ಆಡುವಷ್ಟು ಜಾಗ ಬಿಡಬೇಕು. ಗುಡಿಸಲು ಬಾರದ ಮೂಲೆಯೇ ಇಲಿ, ಜಿರಲೆಗಳ ವಾಸಸ್ಥಾನವಾಗುತ್ತದೆ.

2) ಭಾರವಾದ ಮೂಟೆಗಳು ಕೆಳಗೆ, ಹಗುರವಾದವು ಮೇಲೆ ಇರಬೇಕು. 25 ಕಿಲೋಗ್ರಾಂ ತೂಕದ ನಾಲ್ಕು ಮೂಟೆಗಳು ಒಂದೇ ಅಂತಸ್ತಿನಲ್ಲಿದ್ದರೆ ಅದರ ಮೇಲಿನ ಭಾರ 100 ಕಿಲೋಗ್ರಾಂ ಆಗುತ್ತದೆ. ಪ್ರತಿ ಅಂತಸ್ತಿನ ಭಾರ ಮಿತಿಯನ್ನು ಮಾರಾಟಗಾರರಿಂದ ಬರೆಸಿಕೊಳ್ಳುವುದು ಹಾಗೂ ಎತ್ತರದ ರ‍್ಯಾಕನ್ನು ಗೋಡೆಗೆ ಬಿಗಿಯುವುದು ಅಗತ್ಯ. ಮಕ್ಕಳಿರುವ ಮನೆಗಳಲ್ಲಿ ಇದನ್ನು ಕಡ್ಡಾಯವೆಂದು ಭಾವಿಸತಕ್ಕದ್ದು.

3) ಧಾನ್ಯ ಚೆನ್ನಾಗಿ ಒಣಗಿದ ನಂತರವೇ ಡ್ರಮ್ಮಿಗೆ ತುಂಬಬೇಕು. ಬಿಗಿಯಾದ ಮುಚ್ಚಳ ಹೊರಗಿನ ತೇವವನ್ನು ತಡೆಯುವಂತೆಯೇ ಒಳಗಿನ ತೇವವನ್ನೂ ಹಿಡಿದಿಡುತ್ತದೆ. ಶೇಂಗಾ ಮತ್ತು ಮೆಕ್ಕೆಜೋಳಗಳಲ್ಲಿ ಹೀಗೆ ಬೆಳೆಯುವ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉತ್ಪಾದಿಸುತ್ತದೆ. ಈ ವಿಷ ಹುರಿದರೂ ಪೂರ್ಣವಾಗಿ ನಾಶವಾಗುವುದಿಲ್ಲ. ಬೂಷ್ಟು ಕಂಡ ಶೇಂಗಾವನ್ನು ಆರಿಸಿ ಚಟ್ನಿಪುಡಿಗೆ ಬಳಸುವ ರೂಢಿಯನ್ನು ಬಿಡಬೇಕು.

4) ಹಳೆಯ ಧಾನ್ಯದ ಮೇಲೆ ಹೊಸದನ್ನು ಸುರಿಯಬಾರದು. ಡ್ರಮ್ಮನ್ನು ಪೂರ್ತಿ ಖಾಲಿ ಮಾಡಿ, ಒರೆಸಿ, ಬಿಸಿಲಿಗಿಟ್ಟು ನಂತರ ತುಂಬಬೇಕು. ತಳದಲ್ಲಿ ಉಳಿದ ಒಂದು ಹಿಡಿ ಹಳೆಯ ಅಕ್ಕಿಯಿಂದ ಇಡೀ ಹೊಸ ದಾಸ್ತಾನಿಗೆ ಹುಳು ಹತ್ತುತ್ತದೆ. ಮೊದಲು ಬಂದದ್ದನ್ನು ಮೊದಲು ಬಳಸುವಂತೆ ಪ್ರತಿ ಡಬ್ಬದ ಮೇಲೆ ತುಂಬಿದ ದಿನಾಂಕ ಬರೆಯತಕ್ಕದ್ದು.

5) ಡೀಪ್ ಫ್ರೀಜರ್ ಇರುವವರು ಹಿಟ್ಟು ಮತ್ತು ರವೆಯನ್ನು ಮುಚ್ಚಿದ ಚೀಲದಲ್ಲಿ ಮೈನಸ್ 18 ಡಿಗ್ರಿಯಲ್ಲಿ ಸುಮಾರು 4 ದಿನ ಇಟ್ಟರೆ ಹುಳು ಮತ್ತು ಅದರ ಮೊಟ್ಟೆಗಳು ಸಾಯುತ್ತವೆ. ಹೊರತೆಗೆದ ಚೀಲ ಕೋಣೆಯ ಉಷ್ಣತೆಗೆ ಬಂದ ನಂತರವೇ ಬಿಚ್ಚಬೇಕು. ಇಲ್ಲವಾದಲ್ಲಿ ಒಳಗೆ ನೀರು ಕಟ್ಟಿ ಹಿಟ್ಟು ಮುಗ್ಗುತ್ತದೆ.

6. ತಣ್ಣನೆಯ ದಾಸ್ತಾನು

ಆಹಾರ ಕೆಡಿಸುವ ಸೂಕ್ಷ್ಮಜೀವಿಗಳು 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ವೇಗವಾಗಿ ಬೆಳೆಯುತ್ತವೆ. ಆದ್ದರಿಂದ ತಣ್ಣಗಿಡುವ ಆಹಾರ 5 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ, ಹೆಪ್ಪುಗಟ್ಟಿಸಿದ ಆಹಾರ ಮೈನಸ್ 18 ಡಿಗ್ರಿ, ಬಿಸಿಯಾಗಿಡುವ ಆಹಾರ 60 ಡಿಗ್ರಿಗಿಂತ ಮೇಲೆ ಇರತಕ್ಕದ್ದು.

ಡೀಪ್ ಫ್ರೀಜರ್ ಇದ್ದರೆ ಎಷ್ಟು ಆಹಾರವನ್ನಾದರೂ ಬೇಗ ತಣಿಸಬಹುದೆಂಬುದು ಸಾಮಾನ್ಯ ತಪ್ಪು ತಿಳಿವಳಿಕೆ. ಈ ಯಂತ್ರ ತಣ್ಣಗಿರುವುದನ್ನು ತಣ್ಣಗೆ ಉಳಿಸಲು ರಚಿತವಾದದ್ದು. 20 ಲೀಟರ್ ಬಿಸಿ ಸಾಂಬಾರನ್ನು ಡಬರಿಯ ಸಮೇತ ಒಳಗಿಟ್ಟರೆ ಹೊರಭಾಗ ತಣ್ಣಗಾದರೂ ನಡುಭಾಗ ಹಲವು ಗಂಟೆಗಳ ಕಾಲ ಬೆಚ್ಚಗಿದ್ದು ಅಲ್ಲಿಯೇ ಕೆಡಲಾರಂಭಿಸುತ್ತದೆ. ಜೊತೆಗೆ, ಮೊದಲೇ ಇದ್ದ ಇತರ ಪದಾರ್ಥಗಳೂ ಕರಗುತ್ತವೆ. ಇಂತಹ ಸಂದರ್ಭದಲ್ಲಿ 65 ಮಿ.ಮೀ. ಆಳದ ಜಿ.ಎನ್. ಪ್ಯಾನುಗಳು ನಿಜವಾಗಿ ಉಪಯುಕ್ತ. ಆಹಾರವನ್ನು ತೆಳುವಾಗಿ ಹಂಚಿ, ಪ್ಯಾನನ್ನು ತಣ್ಣೀರು ಅಥವಾ ಮಂಜುಗಡ್ಡೆಯ ತಟ್ಟೆಯಲ್ಲಿಟ್ಟು, 60 ಡಿಗ್ರಿಯಿಂದ 21 ಡಿಗ್ರಿಗೆ 2 ಗಂಟೆಯೊಳಗೆ, ಅಲ್ಲಿಂದ 5 ಡಿಗ್ರಿಗೆ ಮುಂದಿನ 4 ಗಂಟೆಯೊಳಗೆ ಇಳಿಸುವುದು ಅಂಗೀಕೃತ ಕ್ರಮ. 21 ಡಿಗ್ರಿಗೆ ಇಳಿದ ನಂತರ ಮುಚ್ಚಿ ಫ್ರಿಜ್ಜಿನಲ್ಲಿಡಬಹುದು.

ಗಮನಿಸಬೇಕಾದ ಇತರ ಅಂಶಗಳು:

1) ಹಸಿ ಮಾಂಸ, ಮೀನು ಕೆಳಗೆ, ಬೇಯಿಸಿದ ಆಹಾರ ಮೇಲೆ ಇರಬೇಕು. ಸಾಧ್ಯವಿದ್ದಲ್ಲಿ ಪ್ರತ್ಯೇಕ ಪೆಟ್ಟಿಗೆಗಳನ್ನೇ ಬಳಸಬೇಕು.

2) ಗಾಜಿನ ಬಾಗಿಲಿನ ಕೂಲರ್ ತಂಪು ಪಾನೀಯಕ್ಕಾಗಿ ರಚಿತವಾದದ್ದು. ಅದರಲ್ಲಿ ಹಾಲು, ಪನೀರ್, ಖೋವಾ ಅಥವಾ ಇಡ್ಲಿ ಹಿಟ್ಟನ್ನು ಇಡುವ ಮೊದಲು ಒಳಗೆ ಒಂದು ಥರ್ಮಾಮೀಟರ್ ಇಟ್ಟು, ಬಾಗಿಲು ಪದೇಪದೇ ತೆರೆಯುವ ಹೊತ್ತಿನಲ್ಲಿಯೂ ಉಷ್ಣತೆ 5 ಡಿಗ್ರಿ ಮೀರುವುದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

3) ವಿದ್ಯುತ್ ಕಡಿತವಾದಾಗ ಮುಚ್ಚಳ ತೆರೆಯಬಾರದು. ತುಂಬಿದ ಫ್ರೀಜರ್ ಮುಚ್ಚಿದ ಸ್ಥಿತಿಯಲ್ಲಿ ಸುಮಾರು 48 ಗಂಟೆ, ಅರ್ಧ ತುಂಬಿದ್ದು ಸುಮಾರು 24 ಗಂಟೆ, ಸಾಮಾನ್ಯ ಫ್ರಿಜ್ಜು ಸುಮಾರು 4 ಗಂಟೆ ತಂಪನ್ನು ಉಳಿಸಿಕೊಳ್ಳುತ್ತದೆ. ಪೂರ್ತಿ ಕರಗಿ ಬೆಚ್ಚಗಾದ ಆಹಾರವನ್ನು ಮತ್ತೆ ಹೆಪ್ಪುಗಟ್ಟಿಸಿ ಮಾರಬಾರದು.

4) ಹೊಸ ಮಾದರಿಯ ಹಲವು ಫ್ರೀಜರುಗಳಲ್ಲಿ ಆರ್-290 ಅಥವಾ ಆರ್-600ಎ ಎಂಬ, ಬೆಂಕಿ ಹತ್ತುವ ಗುಣದ ಶೀತಕ ಅನಿಲವಿರುತ್ತದೆ. ಕಟ್ಟಿದ ಮಂಜನ್ನು ಚಾಕು, ಸ್ಕ್ರೂಡ್ರೈವರ್‌ಗಳಿಂದ ಕೆತ್ತಬಾರದು. ಯಂತ್ರವನ್ನು ಆರಿಸಿ ಮಂಜು ತಾನಾಗಿ ಕರಗಲು ಬಿಡಬೇಕು.

7. ಬಿಸಿ ಆಹಾರದ ದಾಸ್ತಾನು

ಹಾಟ್ ಬಾಕ್ಸ್ ಆಹಾರವನ್ನು ಬಿಸಿ ಮಾಡುವುದಿಲ್ಲ. ಇರುವ ಬಿಸಿಯನ್ನು ಕೆಲಕಾಲ ಉಳಿಸುತ್ತದೆ ಅಷ್ಟೆ. ಒಲೆಯಿಂದ ಇಳಿಸಿದ ಕೂಡಲೇ ತುಂಬಿದರೆ ಮಾತ್ರ ಪ್ರಯೋಜನವಿದೆ. ಉಗುರುಬೆಚ್ಚಗಿನ ಅನ್ನ, ಪಲಾವುಗಳನ್ನು ಅದರಲ್ಲಿ ಇಟ್ಟರೆ ಸೂಕ್ಷ್ಮಜೀವಿಗಳಿಗೆ ಅನುಕೂಲವಾದ ಶಾಖವನ್ನೇ ಒದಗಿಸಿದಂತಾಗುತ್ತದೆ. ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಜೀವಾಣು ಉತ್ಪಾದಿಸುವ ವಾಂತಿಕಾರಕ ವಿಷ ಮತ್ತೆ ಬಿಸಿ ಮಾಡಿದರೂ ನಾಶವಾಗುವುದಿಲ್ಲ. ರಾತ್ರಿಯ ಅನ್ನವನ್ನು ದೊಡ್ಡ ಪಾತ್ರೆಯಲ್ಲಿ ಹಾಗೆಯೇ ಬಿಟ್ಟು ಬೆಳಿಗ್ಗೆ ಚಿತ್ರಾನ್ನ ಮಾಡಿ ಮಾರುವುದು ಈ ಕಾರಣದಿಂದ ಅಪಾಯಕರ.

8. ವಿದ್ಯುತ್ ಸಂಪರ್ಕ ಮತ್ತು ಬಿಲ್ಲು

ಡೀಪ್ ಫ್ರೀಜರಿಗೆ ಪ್ರತ್ಯೇಕ 16 ಆಂಪಿಯರ್ ಸಾಕೆಟ್ ಹಾಗೂ ಸರಿಯಾದ ಅರ್ಥಿಂಗ್ ಇರತಕ್ಕದ್ದು. ಎಕ್ಸ್‌ಟೆನ್ಷನ್ ಬೋರ್ಡಿನಿಂದ ಸಂಪರ್ಕ ಕೊಡಬಾರದು. ಸೋರಿಕೆ ವಿದ್ಯುತ್ತಿನಿಂದ ರಕ್ಷಣೆ ಪಡೆಯಲು 30 ಮಿಲಿಆಂಪಿಯರ್ ಸಾಮರ್ಥ್ಯದ ಆರ್.ಸಿ.ಸಿ.ಬಿ. ಅಳವಡಿಸುವುದು ಸೂಕ್ತ. ಯಂತ್ರದ ಸುತ್ತ ಗಾಳಿ ಆಡುವಷ್ಟು ಜಾಗವಿರಬೇಕು.

ವೆಚ್ಚದ ಲೆಕ್ಕವನ್ನು ಕೊಳ್ಳುವ ಮೊದಲೇ ಮಾಡತಕ್ಕದ್ದು. 2023ರ ಆಗಸ್ಟ್ ತಿಂಗಳ ಬಿಲ್ಲಿನಿಂದ ಅನ್ವಯವಾದ ಗೃಹ ಜ್ಯೋತಿ ಯೋಜನೆಯು ಗೃಹಬಳಕೆಯ ಸಂಪರ್ಕಗಳಿಗೆ ಮಾತ್ರ ಸಂಬಂಧಿಸಿದ್ದು, ಯೋಜನೆಯ ಮೂಲ ನಿಯಮದಂತೆ 2022-23ನೇ ಸಾಲಿನ ಸರಾಸರಿ ಬಳಕೆಗೆ ಶೇಕಡ 10ರಷ್ಟು ಸೇರಿಸಿ ಅರ್ಹ ಯೂನಿಟ್‌ಗಳನ್ನು ನಿರ್ಧರಿಸಲಾಯಿತು. ಅರ್ಹ ಮಿತಿ ಮೀರಿದ ಯೂನಿಟ್‌ಗಳಿಗೆ ಶುಲ್ಕ ಪಾವತಿಸಬೇಕು. ಬಳಕೆ 200 ಯೂನಿಟ್ ಮೀರಿದಲ್ಲಿ ಪೂರ್ಣ ಬಿಲ್ಲನ್ನು ಪಾವತಿಸಬೇಕು.

ಉದಾಹರಣೆ: ಒಂದು ಮನೆಯ ಸರಾಸರಿ ಬಳಕೆ 140 ಯೂನಿಟ್ ಎಂದಿಟ್ಟುಕೊಳ್ಳೋಣ. ಅರ್ಹ ಮಿತಿ 154 ಯೂನಿಟ್ ಆಗುತ್ತದೆ. ದಿನಕ್ಕೆ 2 ಯೂನಿಟ್ ಬಳಸುವ ಫ್ರೀಜರ್ ತಂದರೆ ತಿಂಗಳಿಗೆ 60 ಯೂನಿಟ್ ಸೇರಿ ಒಟ್ಟು 200 ಯೂನಿಟ್ ಆಗುತ್ತದೆ. ಆಗ 46 ಯೂನಿಟ್‌ಗಳ ಶುಲ್ಕ ಬರುತ್ತದೆ. ಬೇಸಿಗೆಯಲ್ಲಿ ಅದೇ ಯಂತ್ರ ದಿನಕ್ಕೆ ಎರಡೂವರೆ ಯೂನಿಟ್ ಬಳಸಿದರೆ ಒಟ್ಟು 215 ಯೂನಿಟ್ ಆಗಿ ಇಡೀ ಬಿಲ್ಲನ್ನು ಕಟ್ಟಬೇಕಾಗುತ್ತದೆ. ಯಂತ್ರದ ಬೆಲೆಯಲ್ಲಿ ಉಳಿಸಿದ ಹಣ ಹೀಗೆ ಪ್ರತಿ ತಿಂಗಳೂ ಕೈಬಿಟ್ಟು ಹೋಗಬಹುದು. ಮುಚ್ಚಳ ಗಾಜಿನದ್ದಾಗಿದ್ದರೆ ಬಳಕೆ ಇನ್ನೂ ಹೆಚ್ಚು. ಡೀಪ್ ಫ್ರೀಜರುಗಳನ್ನು 2020ರಲ್ಲಿ ಸ್ಟಾರ್ ಲೇಬಲ್ ಕಾರ್ಯಕ್ರಮದ ವ್ಯಾಪ್ತಿಗೆ ತರಲಾಗಿದ್ದು, ಲೇಬಲ್ ಇರುವ ಯಂತ್ರಗಳ ಮೇಲೆ ವಾರ್ಷಿಕ ಬಳಕೆಯ ಯೂನಿಟ್‌ಗಳನ್ನು ನೋಡಬಹುದು.

ಗೃಹಬಳಕೆಯ ಸಂಪರ್ಕದಿಂದ ವಾಣಿಜ್ಯ ಚಟುವಟಿಕೆ ನಡೆಸುವುದು ವಿದ್ಯುಚ್ಛಕ್ತಿ ಕಾಯ್ದೆ, 2003ರ 126ನೇ ಪ್ರಕರಣದಂತೆ ಅನಧಿಕೃತ ಬಳಕೆ ಎನಿಸಬಹುದಾಗಿದ್ದು, ಹಾಗೆ ನಿರ್ಧಾರವಾದಲ್ಲಿ ಅನ್ವಯವಾಗುವ ದರದ ಎರಡು ಪಟ್ಟು ವಿಧಿಸಲಾಗುತ್ತದೆ. ಆದ್ದರಿಂದ ಉದ್ಯಮ ಆರಂಭಿಸುವ ಮೊದಲು ಆಯಾ ವಿದ್ಯುತ್ ಸರಬರಾಜು ಕಂಪನಿಯ ಉಪವಿಭಾಗ ಕಛೇರಿಯಲ್ಲಿ ಲಿಖಿತವಾಗಿ ವಿಚಾರಿಸಿ, ದರ ವರ್ಗ ಹಾಗೂ ಮಂಜೂರಾದ ಹೊರೆಯನ್ನು ಸರಿಪಡಿಸಿಕೊಳ್ಳುವುದು ಉಚಿತ.

9. ಅಡುಗೆ ಅನಿಲ

ಗೃಹಬಳಕೆಯ ಸಿಲಿಂಡರ್ 14.2 ಕಿಲೋಗ್ರಾಂ, ವಾಣಿಜ್ಯ ಬಳಕೆಯ ಸಿಲಿಂಡರ್ ಸಾಮಾನ್ಯವಾಗಿ 19 ಕಿಲೋಗ್ರಾಂ ಅನಿಲವನ್ನು ಹೊಂದಿರುತ್ತದೆ. ಮಾರಾಟಕ್ಕಾಗಿ ಅಡುಗೆ ತಯಾರಿಸಲು ಗೃಹಬಳಕೆಯ ಸಿಲಿಂಡರ್ ಬಳಸಲು ಅವಕಾಶವಿಲ್ಲ. ಅನಿಲ ಸಿಲಿಂಡರುಗಳ ನಿಯಮಾವಳಿಗಳು, 2016ರಂತೆ ಪರವಾನಗಿ ಇಲ್ಲದೆ ಒಂದು ಸ್ಥಳದಲ್ಲಿ 100 ಕಿಲೋಗ್ರಾಂಗಿಂತ ಹೆಚ್ಚು ಎಲ್.ಪಿ.ಜಿ. ಇಟ್ಟುಕೊಳ್ಳುವಂತಿಲ್ಲ. 19 ಕಿಲೋಗ್ರಾಂನ ಐದು ತುಂಬಿದ ಸಿಲಿಂಡರುಗಳು 95 ಕಿಲೋಗ್ರಾಂ ಆಗುತ್ತವೆ. ಅದರೊಂದಿಗೆ ಮನೆಯ ಒಂದು ತುಂಬಿದ ಸಿಲಿಂಡರ್ ಸೇರಿದರೆ 109.2 ಕಿಲೋಗ್ರಾಂ ಆಗಿ ಮಿತಿ ಮೀರುತ್ತದೆ.

ಈ ಅನಿಲ ಗಾಳಿಗಿಂತ ಭಾರವಾದ್ದರಿಂದ ಸೋರಿದಾಗ ನೆಲಮಟ್ಟದಲ್ಲಿ ಹರಡಿ ನಿಲ್ಲುತ್ತದೆ. ಫ್ರೀಜರಿನ ಕಂಪ್ರೆಸರ್ ಮತ್ತು ಸ್ವಿಚ್ ಸಹ ಕೆಳಭಾಗದಲ್ಲಿಯೇ ಇರುತ್ತವೆ. ಅವು ತಾವಾಗಿ ಚಾಲೂ ಆಗುವಾಗ ಹಾರುವ ಕಿಡಿ ಬೆಂಕಿಗೆ ಕಾರಣವಾಗಬಹುದು. ಆದ್ದರಿಂದ ಉಗ್ರಾಣದ ಒಂದೇ ಕೋಣೆಯಲ್ಲಿ ಫ್ರೀಜರ್ ಮತ್ತು ಹೆಚ್ಚುವರಿ ಸಿಲಿಂಡರುಗಳನ್ನು ಇಡಬಾರದು. ಸಿಲಿಂಡರುಗಳನ್ನು ನೆಲಮಾಳಿಗೆಯಲ್ಲಿ ಇಡಬಾರದು, ಅಡ್ಡಲಾಗಿಯೂ ಮಲಗಿಸಬಾರದು.

10. ಬಳಸಿದ ಸಲಕರಣೆಗಳ ಖರೀದಿ

ಮುಚ್ಚಿದ ಹೋಟೆಲುಗಳ ಸಾಮಾನು ಕಡಿಮೆ ಬೆಲೆಗೆ ದೊರೆಯುತ್ತದೆ. ರ‍್ಯಾಕು, ಮೇಜು, ಜಿ.ಎನ್. ಪ್ಯಾನುಗಳಂತಹ ಚಲಿಸುವ ಭಾಗಗಳಿಲ್ಲದ ವಸ್ತುಗಳನ್ನು ಹೀಗೆ ಕೊಳ್ಳುವುದರಲ್ಲಿ ಅಪಾಯ ಕಡಿಮೆ. ಬೆಸುಗೆಯ ಸಂದುಗಳಲ್ಲಿ ಬಿರುಕು, ಗುಳಿ ಹಾಗೂ ಜಿಡ್ಡು ಇದೆಯೇ ಎಂದು ಮಾತ್ರ ನೋಡಬೇಕು. ಫ್ರೀಜರ್ ಕೊಳ್ಳುವಾಗ ಅಂಗಡಿಯಲ್ಲಿಯೇ ಹಲವು ಗಂಟೆ ಚಾಲೂ ಮಾಡಿಸಿ, ಥರ್ಮಾಮೀಟರಿನಲ್ಲಿ ಮೈನಸ್ 18 ಡಿಗ್ರಿ ಬಂದುದನ್ನು ಕಂಡ ನಂತರ ಹಣ ಕೊಡತಕ್ಕದ್ದು. ಬಾಗಿಲಿನ ರಬ್ಬರ್ ಪಟ್ಟಿಯ ನಡುವೆ ಕಾಗದವಿಟ್ಟು ಮುಚ್ಚಿದಾಗ ಅದು ಸುಲಭವಾಗಿ ಜಾರಿ ಬಂದರೆ ಪಟ್ಟಿ ಸವೆದಿದೆ ಎಂದರ್ಥ. ಮನೆಯ ಬಾಗಿಲು, ಮೆಟ್ಟಿಲುಗಳ ಅಗಲವನ್ನು ಮೊದಲೇ ಅಳೆಯುವುದೂ ಅಗತ್ಯ.

ಗ್ರಾಹಕರ ಸಂರಕ್ಷಣಾ ಕಾಯ್ದೆ, 2019 ವಾಣಿಜ್ಯ ಉದ್ದೇಶಕ್ಕಾಗಿ ಕೊಂಡವರನ್ನು ಗ್ರಾಹಕರೆಂದು ಪರಿಗಣಿಸುವುದಿಲ್ಲ. ಆದರೆ ಸ್ವ-ಉದ್ಯೋಗದ ಮೂಲಕ ಜೀವನೋಪಾಯಕ್ಕಾಗಿಯೇ ಕೊಂಡು ತಾವೇ ಬಳಸುವವರಿಗೆ ಈ ಕಾಯ್ದೆಯ ರಕ್ಷಣೆ ಇದೆ. ಐದು ಲಕ್ಷ ರೂಪಾಯಿವರೆಗಿನ ವಸ್ತುವಿಗೆ ಸಂಬಂಧಿಸಿದಂತೆ 2020ರ ನಿಯಮಗಳಲ್ಲಿ ದೂರು ಶುಲ್ಕ ವಿಧಿಸಲಾಗಿಲ್ಲ. ದೂರನ್ನು ಎರಡು ವರ್ಷಗಳೊಳಗೆ ಸಲ್ಲಿಸಬೇಕು. ಬಿಲ್ಲು ಮತ್ತು ವಾರಂಟಿ ಚೀಟಿ ಇಲ್ಲದವರಿಗೆ ಈ ಹಕ್ಕನ್ನು ಸಾಧಿಸುವುದು ಕಷ್ಟವಾಗುತ್ತದೆ. ವಾಣಿಜ್ಯ ಮಾದರಿಯ ಯಂತ್ರಕ್ಕೆ ಮನೆಯಲ್ಲಿ ಅಳವಡಿಸಿದಾಗಲೂ ವಾರಂಟಿ ಅನ್ವಯಿಸುವುದೇ ಎಂಬುದನ್ನು ಕೊಳ್ಳುವಾಗಲೇ ಓದಿ ತಿಳಿಯಬೇಕು.

11. ನೋಂದಣಿಗೆ ಅರ್ಜಿ ಸಲ್ಲಿಸುವವರು ಗಮನಿಸಬೇಕಾದ ಅಂಶಗಳು

1) ಅರ್ಜಿಯನ್ನು 2020ರಿಂದ ಜಾರಿಯಲ್ಲಿರುವ ಫಾಸ್ಕಾಸ್ ಅಂತರಜಾಲ ವ್ಯವಸ್ಥೆಯ ಮೂಲಕ ಸಲ್ಲಿಸಬೇಕು. ಭಾವಚಿತ್ರ, ಗುರುತಿನ ದಾಖಲೆ ಹಾಗೂ ಉದ್ಯಮದ ಸ್ಥಳದ ವಿಳಾಸದ ದಾಖಲೆಗಳನ್ನು ಸಿದ್ಧವಾಗಿಟ್ಟುಕೊಳ್ಳುವುದು.

2) 2011ರ ನಿಯಮಾವಳಿಯ 4ನೇ ಅನುಸೂಚಿಯ ಭಾಗ-1 ಸಣ್ಣ ಉದ್ದಿಮೆದಾರರು ಪಾಲಿಸಬೇಕಾದ ನೈರ್ಮಲ್ಯದ ಷರತ್ತುಗಳನ್ನು ತಿಳಿಸುತ್ತದೆ. ದಾಸ್ತಾನಿನ ಸ್ಥಳ ಸ್ವಚ್ಛವಾಗಿದ್ದು, ಮಲಗುವ ಕೋಣೆ, ಶೌಚಾಲಯ ಮತ್ತು ಸಾಕುಪ್ರಾಣಿಗಳಿಂದ ಬೇರೆಯಾಗಿರಬೇಕು.

3) ಮನೆಯ ದಿನಸಿ ಮತ್ತು ಮಾರಾಟದ ದಾಸ್ತಾನು ಒಂದೇ ರ‍್ಯಾಕಿನಲ್ಲಿ ಬೆರೆಯದಂತೆ ಬೇರೆ ಬೇರೆ ಅಂತಸ್ತುಗಳನ್ನು ಗುರುತಿಸಿ ಚೀಟಿ ಅಂಟಿಸುವುದು. ಪರಿಶೀಲನೆಯ ವೇಳೆ ಇದರಿಂದ ಗೊಂದಲ ತಪ್ಪುತ್ತದೆ ಹಾಗೂ ಲೆಕ್ಕವಿಡಲು ಅನುಕೂಲವಾಗುತ್ತದೆ.

4) ಸದರಿ ನಿಯಮಾವಳಿಯಂತೆ ನೋಂದಣಿ ಪ್ರಾಧಿಕಾರವು ಅರ್ಜಿ ಸ್ವೀಕರಿಸಿದ 7 ದಿನಗಳೊಳಗೆ ನೋಂದಣಿ ನೀಡುವುದು, ಕಾರಣ ತಿಳಿಸಿ ನಿರಾಕರಿಸುವುದು ಅಥವಾ ಪರಿಶೀಲನೆಗೆ ಸೂಚನೆ ನೀಡುವುದು, ಈ ಮೂರರಲ್ಲಿ ಒಂದನ್ನು ಮಾಡತಕ್ಕದ್ದು. ನಿರಾಕರಣೆಯ ಕಾರಣವನ್ನು ಲಿಖಿತವಾಗಿ ಪಡೆಯುವುದು ಅರ್ಜಿದಾರರ ಹಕ್ಕು.

5) ತೂಕ ಮಾಡಿ ಮಾರುವವರ ಎಲೆಕ್ಟ್ರಾನಿಕ್ ತಕ್ಕಡಿಯು ಕಾನೂನು ಮಾಪನಶಾಸ್ತ್ರ ಕಾಯ್ದೆ, 2009ರಂತೆ ಸತ್ಯಾಪನೆಗೊಂಡು ಮುದ್ರೆ ಹೊಂದಿರಬೇಕು. ಪ್ರತಿ 12 ತಿಂಗಳಿಗೊಮ್ಮೆ ಮರು ಸತ್ಯಾಪನೆ ಮಾಡಿಸಬೇಕು. ಅಡುಗೆಮನೆಯ ಅಂದಾಜಿಗೆಂದು ಮಾರುವ ತಕ್ಕಡಿಗಳನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ.

12. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮನೆಯಲ್ಲಿ ದೊಡ್ಡ ಫ್ರೀಜರ್ ಇದ್ದ ಮಾತ್ರಕ್ಕೆ ನೋಂದಣಿ ಮಾಡಿಸಬೇಕೇ?
ಉತ್ತರ: ಇಲ್ಲ. ಮಾರಾಟ ಇದ್ದಲ್ಲಿ ಮಾತ್ರ ನೋಂದಣಿ ಅಗತ್ಯ.

ಪ್ರಶ್ನೆ: ನೋಂದಣಿಗೆ ವಾಣಿಜ್ಯ ಮಾದರಿಯ ಸಲಕರಣೆ ಕಡ್ಡಾಯವೇ?
ಉತ್ತರ: ಇಲ್ಲ. ಸಲಕರಣೆ ಸ್ವಚ್ಛಗೊಳಿಸಲು ಬರುವಂತಹದ್ದಾಗಿ, ಆಹಾರಕ್ಕೆ ಯೋಗ್ಯವಾಗಿ, ಸರಿಯಾದ ಉಷ್ಣತೆಯನ್ನು ಕಾಯುವಂತಿದ್ದರೆ ಮನೆಯ ಮಾದರಿಯದ್ದೂ ಸಾಕು. ಸಾಲ ಮಾಡಿ ದೊಡ್ಡ ಯಂತ್ರ ಕೊಳ್ಳುವ ಮೊದಲು ಕೆಲವು ತಿಂಗಳ ನಿಜವಾದ ಮಾರಾಟವನ್ನು ಬರೆದು ನೋಡುವುದು ಲೇಸು.

ಪ್ರಶ್ನೆ: ಉಪ್ಪಿನಕಾಯಿಯನ್ನು ಸ್ಟೀಲ್ ಪ್ಯಾನಿನಲ್ಲಿ ಕಲಸಬಹುದೇ?
ಉತ್ತರ: ಕಲಸಬಹುದು. ಕಲಸಿದ ನಂತರ ಭರಣಿಗೆ ಅಥವಾ ಗಾಜಿನ ಜಾಡಿಗೆ ತುಂಬಿ, ಪ್ಯಾನನ್ನು ಕೂಡಲೇ ತೊಳೆದು ಒರೆಸಿಡಬೇಕು.

ಪ್ರಶ್ನೆ: ಸ್ವಸಹಾಯ ಸಂಘಗಳ ಸದಸ್ಯರಿಗೆ ಸಲಕರಣೆಗಾಗಿ ನೆರವು ಇತ್ತೇ?
ಉತ್ತರ: 2020ರಲ್ಲಿ ಆರಂಭವಾಗಿ 2025-26ರವರೆಗೆ ಅವಧಿ ನಿಗದಿಯಾದ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆಯಲ್ಲಿ ದುಡಿಯುವ ಬಂಡವಾಳ ಮತ್ತು ಸಣ್ಣ ಉಪಕರಣಗಳಿಗಾಗಿ ಪ್ರತಿ ಸದಸ್ಯರಿಗೆ 40,000 ರೂಪಾಯಿವರೆಗೆ ಬೀಜ ಧನ ಹಾಗೂ ವೈಯಕ್ತಿಕ ಉದ್ದಿಮೆಗಳಿಗೆ ಶೇಕಡ 35ರಂತೆ ಗರಿಷ್ಠ 10 ಲಕ್ಷ ರೂಪಾಯಿಗಳ ಸಾಲ ಸಂಪರ್ಕಿತ ಸಹಾಯಧನವನ್ನು ಗೊತ್ತುಪಡಿಸಲಾಗಿತ್ತು. ಅರ್ಜಿಯ ದಿನ ಜಾರಿಯಲ್ಲಿರುವ ಯೋಜನೆಗಳ ವಿವರವನ್ನು ಜಿಲ್ಲಾ ಕೃಷಿ ಕಛೇರಿಯಲ್ಲಿ ಪಡೆಯಬಹುದು.

13. ಸಮಾರೋಪ

ವಾಣಿಜ್ಯ ಸಲಕರಣೆಗಳು ಹೆಚ್ಚು ಕಾಲ ಬಾಳಿಕೆ ಬರುತ್ತವೆ, ಸುಲಭವಾಗಿ ಶುಚಿಯಾಗುತ್ತವೆ ಹಾಗೂ ಕಡಿಮೆ ಜಾಗದಲ್ಲಿ ಹೆಚ್ಚು ದಾಸ್ತಾನಿಗೆ ಅವಕಾಶ ನೀಡುತ್ತವೆ. ಆದರೆ ಅವು ದಿನಾಂಕ ಬರೆಯುವುದಿಲ್ಲ, ಉಷ್ಣತೆ ನೋಡುವುದಿಲ್ಲ, ತಳವನ್ನು ತೊಳೆಯುವುದಿಲ್ಲ. ಈ ಮೂರು ಕೆಲಸಗಳು ಬಳಸುವವರದ್ದು. ನೂರು ರೂಪಾಯಿಯ ಆಸುಪಾಸಿನ ಒಂದು ನೋಟ್ ಪುಸ್ತಕ ಮತ್ತು ಒಂದು ಥರ್ಮಾಮೀಟರ್, ದೊಡ್ಡ ಯಂತ್ರಕ್ಕಿಂತ ಮೊದಲು ಕೊಳ್ಳಬೇಕಾದ ಸಲಕರಣೆಗಳೆಂದು ಅರ್ಜಿದಾರರು ಗಮನಿಸತಕ್ಕದ್ದು.

ಆಹಾರ ನೋಂದಣಿಗೆ ಸಂಬಂಧಿಸಿದ ಹೆಚ್ಚಿನ ಮಾಹಿತಿಗಾಗಿ ಆಯಾ ತಾಲ್ಲೂಕಿನ ಆಹಾರ ಸುರಕ್ಷತಾ ಅಧಿಕಾರಿಗಳನ್ನು, ತಕ್ಕಡಿ ಸತ್ಯಾಪನೆಗಾಗಿ ಕಾನೂನು ಮಾಪನಶಾಸ್ತ್ರ ಇಲಾಖೆಯ ನಿರೀಕ್ಷಕರನ್ನು ಕಛೇರಿಯ ವೇಳೆಯಲ್ಲಿ ಸಂಪರ್ಕಿಸಬಹುದು. ಖರೀದಿಗೆ ಸಂಬಂಧಿಸಿದ ದೂರುಗಳಿಗಾಗಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.